ಏಳನೆಯ ತರಗತಿಯ ಕಪಾಟು



ನಿಮ್ಮ ಶಾಲೆಯ ಗ್ರಂಥಾಲಯ ನಿಮಗೆ ನೆನಪಿದೆಯೇ? ವಾರಕ್ಕೆ ಒಂದು ಲೈಬ್ರರಿ ಪೀರಿಯಡ್. ಸಾಲಾಗಿ ಹೋಗಿ, ಸದ್ದಿಲ್ಲದೆ ಕುಳಿತು, ಗಂಟೆ ಬಾರಿಸಿದ ಕೂಡಲೇ ಮತ್ತೆ ಸಾಲಾಗಿ ತರಗತಿಗೆ ಮರಳುವುದು. ಗೋಡೆಯುದ್ದಕ್ಕೂ ಗಾಜಿನ ಬಾಗಿಲಿನ ಕಪಾಟುಗಳು, ಅವುಗಳಿಗೆ ಬೀಗ. ಒಳಗಿನ ಪುಸ್ತಕಗಳ ಬೆನ್ನು ಮಾತ್ರ ಕಾಣುತ್ತಿತ್ತು. ಮೇಜಿನ ಮೇಲೆ ಹರಡಿದ ನಾಲ್ಕಾರು ಪತ್ರಿಕೆಗಳಲ್ಲಿ ಚಿತ್ರವಿದ್ದದ್ದು ಯಾರ ಕೈಗೆ ಮೊದಲು ಸಿಕ್ಕಿತೋ ಅವರೇ ಅದೃಷ್ಟವಂತರು. ಗಣಿತದ ಪಾಠ ಮುಗಿಯದೆ ಉಳಿದಿದ್ದರೆ ಆ ಒಂದು ಪೀರಿಯಡ್ ಕೂಡ ಗಣಿತದ ಮೇಷ್ಟರ ಪಾಲು!

ನಗಬೇಡಿ. ಆ ಬೀಗದ ಕೈಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದವರಲ್ಲಿ ನಾನೂ ಒಬ್ಬಳು. ಕಲಬುರಗಿ ಸೀಮೆಯಲ್ಲಿ ಹುಟ್ಟಿ, ಮದುವೆಯಾಗಿ ಹೈದರಾಬಾದಿಗೆ ಬಂದು, ಇಲ್ಲಿಯ ಒಂದು ಶಾಲೆಯಲ್ಲಿ ನಿವೃತ್ತಿಯಾಗುವವರೆಗೂ ಗ್ರಂಥಪಾಲಕಿಯಾಗಿ ದುಡಿದವಳು. "ನಮ್ಮ ಯುವಕರಿಗಾಗಿ ಏನಾದರೂ ಬರೆದುಕೊಡಿ" ಎಂದು ಸಂಘದವರು ಕೇಳಿದಾಗ, ನನಗೆ ಗೊತ್ತಿರುವ ಒಂದೇ ವಿಷಯವನ್ನು ಬರೆಯೋಣವೆಂದುಕೊಂಡೆ. ಹತ್ತರಿಂದ ಹದಿಮೂರು ವಯಸ್ಸಿನ ಮಗುವಿನ ಕೈಗೆ ಪುಸ್ತಕ ಸೇರುವುದು ಹೇಗೆ ಎಂಬುದೇ ಆ ವಿಷಯ. "ನಾವೇನು ಮಕ್ಕಳೇ?" ಎಂದು ಕೇಳಬೇಡಿ. ಓದುತ್ತಾ ಹೋಗಿ, ಇದು ನಿಮಗೂ ಸಂಬಂಧಪಟ್ಟದ್ದೆಂದು ತಿಳಿಯುತ್ತದೆ.

ಪಂಜೆಯವರೂ ನಮ್ಮ ಊರೂ

ಕನ್ನಡದ ಮಕ್ಕಳ ಪುಸ್ತಕ ಎಂದಾಗ ಮೊದಲು ನೆನೆಯಬೇಕಾದವರು ಪಂಜೆ ಮಂಗೇಶರಾಯರು. ದಕ್ಷಿಣ ಕನ್ನಡದ ಬಂಟವಾಳದಲ್ಲಿ 1874ರಲ್ಲಿ ಹುಟ್ಟಿದ ಇವರು ಉಪಾಧ್ಯಾಯರಾಗಿ, ಶಾಲಾ ಇನ್ಸ್‌ಪೆಕ್ಟರರಾಗಿ ಕೆಲಸ ಮಾಡಿದವರು. ಶಾಲೆಗಳನ್ನು ಸುತ್ತುತ್ತಾ ಅವರು ಕಂಡದ್ದು ಪಠ್ಯಪುಸ್ತಕವನ್ನು ಬಿಟ್ಟರೆ ಬೇರೇನೂ ಕೈಯಲ್ಲಿ ಇಲ್ಲದ ಮಕ್ಕಳನ್ನು. ಅವರಿಗಾಗಿಯೇ ಹಾಡು ಕಟ್ಟಿದರು, ಕಥೆ ಬರೆದರು, ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲವನ್ನು ಸ್ಥಾಪಿಸಿದರು. ನಿಮ್ಮ ಅಜ್ಜಿ ನಿಮಗೆ ಹೇಳಿಕೊಟ್ಟ ಹಾವಿನ ಹಾಡು ಬಹುಮಟ್ಟಿಗೆ ಇವರದೇ ಆಗಿರುತ್ತದೆ. "ಕವಿಶಿಷ್ಯ" ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಆ ದೊಡ್ಡವರು ತಮ್ಮನ್ನು ಕವಿ ಎಂದು ಕರೆದುಕೊಳ್ಳಲೂ ಸಂಕೋಚಪಟ್ಟರು.

ಇದನ್ನೆಲ್ಲ ಇಲ್ಲಿ ಏಕೆ ಹೇಳುತ್ತಿದ್ದೇನೆ? ಪಂಜೆಯವರು 1934ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದದ್ದು ರಾಯಚೂರಿನಲ್ಲಿ. ಆಗ ರಾಯಚೂರು ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಮೂರು ವರ್ಷಗಳ ಬಳಿಕ, 1937ರ ಅಕ್ಟೋಬರ್ ತಿಂಗಳಲ್ಲಿ, ಅವರು ಕೊನೆಯುಸಿರೆಳೆದದ್ದು ಇದೇ ಹೈದರಾಬಾದಿನಲ್ಲಿ. ಈ ಊರಿನಲ್ಲಿ ಹುಟ್ಟಿ ಬೆಳೆದ ನಿಮ್ಮಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ನನಗೇ ಇದು ತಿಳಿದದ್ದು ಇಲ್ಲಿಗೆ ಬಂದು ಎಷ್ಟೋ ವರ್ಷಗಳಾದ ಮೇಲೆ.

ಆ ಕಾಲದ ಹೈದರಾಬಾದನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಿ. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳ ಕನ್ನಡಿಗರಿಗೆ ಇದೇ ರಾಜಧಾನಿ. ಕೋರ್ಟು ಕಚೇರಿಗೆ ಬರಬೇಕಾದರೂ ಇಲ್ಲಿಗೇ, ಕಾಲೇಜು ಓದಬೇಕಾದರೂ ಇಲ್ಲಿಗೇ. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಬೋಧನೆಯೆಲ್ಲ ಉರ್ದುವಿನಲ್ಲಿ. ಹೊರಗೆ ಉರ್ದು, ಬೀದಿಯಲ್ಲಿ ತೆಲುಗು, ಮನೆಯೊಳಗೆ ಕನ್ನಡ. ಅಂಥ ಸ್ಥಿತಿಯಲ್ಲಿ ಕನ್ನಡ ಓದು ಉಳಿದದ್ದು ಸರ್ಕಾರದ ಕೃಪೆಯಿಂದಲ್ಲ, ಕೈಯಿಂದ ಕಾಸು ಹಾಕಿ ಪುಸ್ತಕ ತರಿಸಿ ಹಂಚಿಕೊಂಡು ಓದಿದ ಜನರಿಂದ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರವಾಗಲಿ, ನೃಪತುಂಗನ ಹೆಸರು ಹೊತ್ತ ಶಾಲೆಯಾಗಲಿ ಅಂಥವರ ಶ್ರಮದ ಫಲ. 1956ರಲ್ಲಿ ಆ ಮೂರು ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. ಈ ಊರಿನಲ್ಲಿ ಉಳಿದುಕೊಂಡ ಕನ್ನಡಿಗರು ಹೊರನಾಡಿನವರಾದರು. ನಿಮ್ಮ ಹಿರಿಯರಲ್ಲಿ ಹಲವರು ಆಗ ಉಳಿದವರು, ಉಳಿದವರು ಅನಂತರ ನೌಕರಿ ಹುಡುಕಿಕೊಂಡು ಬಂದವರು.

ಬೀಗ ತೆಗೆಸಿದ ಗಣಿತದ ಮೇಷ್ಟರು

ಈಗ ಕಪಾಟಿನ ಬೀಗಕ್ಕೆ ಬರೋಣ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಎಸ್. ಆರ್. ರಂಗನಾಥನ್ ಎಂಬ ತರುಣ 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಬಂದ ಕೆಲವೇ ದಿನಗಳಲ್ಲಿ ಬೇಸರ ಹಿಡಿಯಿತು. ಓದುವವರೇ ಇಲ್ಲ, ಮಾತನಾಡಿಸುವವರೂ ಇಲ್ಲ. "ನನ್ನನ್ನು ಮತ್ತೆ ಪಾಠಕ್ಕೇ ಕಳಿಸಿ" ಎಂದು ಕೇಳಿಕೊಂಡರು. "ಮೊದಲು ಇಂಗ್ಲೆಂಡಿಗೆ ಹೋಗಿ ಗ್ರಂಥಾಲಯ ವಿದ್ಯೆಯನ್ನು ಕಲಿತು ಬನ್ನಿ, ಆಮೇಲೂ ಬೇಡವೆನಿಸಿದರೆ ನೋಡೋಣ" ಎಂದರು ಮೇಲಿನವರು. ಅಲ್ಲಿ ಅವರು ಕಂಡದ್ದು ತೆರೆದ ಕಪಾಟುಗಳನ್ನು, ಮಕ್ಕಳೂ ಮುದುಕರೂ ಕೂಲಿಕಾರರೂ ಒಂದೇ ಛಾವಣಿಯ ಕೆಳಗೆ ತಮಗೆ ಬೇಕಾದುದನ್ನು ಕೈಯಾರೆ ಆರಿಸಿಕೊಳ್ಳುವುದನ್ನು. ತಿರುಗಿ ಬಂದ ರಂಗನಾಥನ್ ಮತ್ತೆ ಗಣಿತದ ಕಡೆ ನೋಡಲಿಲ್ಲ.

1931ರಲ್ಲಿ ಅವರು ಪ್ರಕಟಿಸಿದ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಇಂದಿಗೂ ಜಗತ್ತಿನ ಎಲ್ಲೆಡೆ ಗ್ರಂಥಪಾಲಕರು ಕಲಿಯುತ್ತಾರೆ. ಸುಲಭವಾಗಿ ಹೇಳುವುದಾದರೆ ಹೀಗೆ: ಪುಸ್ತಕ ಇರುವುದು ಬಳಸುವುದಕ್ಕಾಗಿ, ಪ್ರತಿಯೊಬ್ಬ ಓದುಗನಿಗೂ ಅವನದೇ ಒಂದು ಪುಸ್ತಕವಿದೆ, ಪ್ರತಿಯೊಂದು ಪುಸ್ತಕಕ್ಕೂ ಅದರದೇ ಓದುಗನಿದ್ದಾನೆ, ಓದುಗನ ಸಮಯ ಉಳಿಸಬೇಕು, ಗ್ರಂಥಾಲಯವೆಂಬುದು ಬೆಳೆಯುತ್ತಿರುವ ಜೀವಿ. ರಂಗನಾಥನ್ 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು, 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಹುಟ್ಟಿದ ದಿನವೆಂದು ಆಗಸ್ಟ್ 12ನ್ನು ನಮ್ಮ ದೇಶದಲ್ಲಿ ಗ್ರಂಥಪಾಲಕರ ದಿನವಾಗಿ ಆಚರಿಸುತ್ತಾರೆ.

ನಾನು ಈ ಐದು ಸೂತ್ರಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಕೆಲಸಕ್ಕೆ ಸೇರಿದ ಮೇಲೆ ಮೊದಲು ಮಾಡಿದ್ದು ಮಾತ್ರ ಕಪಾಟಿಗೆ ಬೀಗ ಹಾಕಿದ್ದು! ಕಾರಣವಿಲ್ಲದೆ ಅಲ್ಲ. ವರ್ಷದ ಕೊನೆಗೆ ಪುಸ್ತಕಗಳ ಲೆಕ್ಕ ತೆಗೆಯುವಾಗ ಒಂದು ಕಡಿಮೆಯಾದರೂ ಅದರ ಬೆಲೆ ನನ್ನ ಸಂಬಳದಿಂದ ಕಡಿತ. ನನ್ನಂತೆ ಎಷ್ಟೋ ಶಾಲೆಗಳ ಗ್ರಂಥಪಾಲಕರದು ಇದೇ ಪಾಡು. ಹೀಗಿರುವಾಗ ಪುಸ್ತಕ ಕಾಯುವ ಕೆಲಸವೇ ನಡೆಯುತ್ತದೆ, ಕೊಡುವ ಕೆಲಸವಲ್ಲ. ಎರಡು ವರ್ಷ ಹಾಗೆ ಕಳೆದ ಮೇಲೆ ಹೊಸದಾಗಿ ಬಂದ ಮುಖ್ಯೋಪಾಧ್ಯಾಯಿನಿಯವರ ಮುಂದೆ ಧೈರ್ಯಮಾಡಿ ಹೇಳಿದೆ: "ಅಮ್ಮಾ, ಒಂದು ವರ್ಷ ಒಂದು ಕಪಾಟು ತೆರೆದಿಡುತ್ತೇನೆ. ಆರು, ಏಳು, ಎಂಟನೆಯ ತರಗತಿಗೆ ಮಾತ್ರ. ಕಳೆದುಹೋದದ್ದನ್ನು ನನ್ನ ಲೆಕ್ಕಕ್ಕೆ ಹಚ್ಚಬೇಡಿ." ಅವರು ಒಪ್ಪಿದರು. ವರ್ಷದ ಕೊನೆಗೆ ಕಾಣದಾದ ಪುಸ್ತಕಗಳು ಕೈಬೆರಳಿನಲ್ಲಿ ಎಣಿಸುವಷ್ಟು. ಅವೆಲ್ಲ ಮಕ್ಕಳು ಅತಿ ಹೆಚ್ಚು ಇಷ್ಟಪಟ್ಟವೇ ಆಗಿದ್ದವು!

ಏಕೆ ಈ ವಯಸ್ಸು?

ಆರರಿಂದ ಎಂಟನೆಯ ತರಗತಿಯವರನ್ನೇ ಏಕೆ ಆರಿಸಿಕೊಂಡೆ ಎಂದು ಕೇಳಬಹುದು. ಚಿಕ್ಕ ಮಕ್ಕಳಿಗೆ ಚಿತ್ರದ ಪುಸ್ತಕ ತೋರಿಸಿದರೆ ಸಾಕು, ಓಡಿಬರುತ್ತಾರೆ. ಒಂಬತ್ತನೆಯ ತರಗತಿಗೆ ಬಂದವರಿಗೆ ಪರೀಕ್ಷೆಯ ಚಿಂತೆ. ನಡುವಿನ ಈ ಮೂರು ವರ್ಷವೇ ಸೂಕ್ಷ್ಮವಾದದ್ದು. ಚಿತ್ರದ ಪುಸ್ತಕ "ಚಿಕ್ಕವರದು" ಎನಿಸುತ್ತದೆ, ದಪ್ಪ ಕಾದಂಬರಿ ಹೆದರಿಸುತ್ತದೆ. ಆಗ ಸರಿಯಾದ ಪುಸ್ತಕ ಸಿಕ್ಕವನು ಜೀವನಪೂರ್ತಿ ಓದುತ್ತಾನೆ. ಸಿಗದವನು "ನನಗೆ ಓದುವ ಅಭ್ಯಾಸ ಇಲ್ಲ" ಎಂದುಕೊಂಡು ಸುಮ್ಮನಾಗುತ್ತಾನೆ.

ಇದಕ್ಕೆ ಗ್ರಂಥಪಾಲಕಿ ಮಾಡುವ ಕೆಲಸ ದೊಡ್ಡ ವಿದ್ಯೆಯೇನಲ್ಲ. ಪುಸ್ತಕಗಳ ಬೆನ್ನು ಕಾಣುವಂತೆ ಇಡದೆ ಮುಖಪುಟ ಕಾಣುವಂತೆ, ಮಕ್ಕಳ ಕಣ್ಣಿನ ಎತ್ತರಕ್ಕೆ ಇಡಬೇಕು. ಪೀರಿಯಡ್ಡಿನ ಮೊದಲ ಹತ್ತು ನಿಮಿಷ ಒಂದು ಪುಸ್ತಕದ ಮೊದಲ ಎರಡು ಪುಟಗಳನ್ನು ಗಟ್ಟಿಯಾಗಿ ಓದಿ, ಕುತೂಹಲದ ಜಾಗದಲ್ಲಿ ನಿಲ್ಲಿಸಿಬಿಡಬೇಕು. ಮುಂದೇನಾಯಿತೆಂದು ಕೇಳಿದವನಿಗೆ ಪುಸ್ತಕವನ್ನೇ ಕೊಡಬೇಕು. ಕಷ್ಟವೋ ಸುಲಭವೋ ತಿಳಿಯಲು ಐದು ಬೆರಳಿನ ಲೆಕ್ಕ ಹೇಳಿಕೊಡಬೇಕು: ಯಾವುದಾದರೂ ಒಂದು ಪುಟ ತೆರೆದು ಓದು, ಗೊತ್ತಿಲ್ಲದ ಶಬ್ದ ಬಂದಾಗಲೆಲ್ಲ ಒಂದು ಬೆರಳು ಮಡಚು, ಪುಟ ಮುಗಿಯುವ ಮೊದಲೇ ಐದೂ ಬೆರಳು ಮಡಚಿದರೆ ಅದನ್ನು ಮುಂದಿನ ವರ್ಷಕ್ಕೆ ಇಟ್ಟುಕೋ. ಎಲ್ಲಕ್ಕಿಂತ ಮುಖ್ಯವಾಗಿ, ಹಿಡಿಸದ ಪುಸ್ತಕವನ್ನು ಅರ್ಧಕ್ಕೆ ಬಿಡಲು ಅನುಮತಿ ಕೊಡಬೇಕು. ಪ್ಯಾರಿಸ್ಸಿನಲ್ಲಿ ಶಾಲಾ ಶಿಕ್ಷಕರಾಗಿದ್ದ ಲೇಖಕ ಡ್ಯಾನಿಯಲ್ ಪೆನಾಕ್ 1992ರಲ್ಲಿ ಓದುಗನ ಹಕ್ಕುಗಳು ಎಂದು ಹತ್ತನ್ನು ಪಟ್ಟಿ ಮಾಡಿದಾಗ, ಪುಟ ಹಾರಿಸುವ ಹಕ್ಕನ್ನೂ ಓದದೇ ಇರುವ ಹಕ್ಕನ್ನೂ ಅದರಲ್ಲಿ ಸೇರಿಸಿದರು.

ನಾನು ಮಾಡಿದ ತಪ್ಪು

ಇಷ್ಟೆಲ್ಲ ತಿಳಿದವಳೂ ಕನ್ನಡದ ವಿಷಯ ಬಂದಾಗ ಎಡವಿದೆ. ನಮ್ಮ ಶಾಲೆಯಲ್ಲಿ ಇಂಗ್ಲಿಷ್, ತೆಲುಗು, ಹಿಂದಿ ಮಾತ್ರ ಕಲಿಸುತ್ತಿದ್ದರು. ಪರಿಚಿತರೊಬ್ಬರು ಮನೆ ಬದಲಿಸುವಾಗ ಒಂದು ಪೆಟ್ಟಿಗೆ ಕನ್ನಡ ಪುಸ್ತಕ ಕೊಟ್ಟರು. ನನಗೋ ಹಿಗ್ಗು. ಹಾಜರಿ ಪುಸ್ತಕದಲ್ಲಿ ಹೆಸರು ನೋಡಿ ಕನ್ನಡದ ಮನೆಯ ಮಕ್ಕಳನ್ನು ಗುರುತಿಸಿದೆ. ಆರನೆಯ ತರಗತಿಯ ಒಬ್ಬ ಹುಡುಗಿ, ಚುರುಕಿನವಳು, ವಾರಕ್ಕೆರಡು ಇಂಗ್ಲಿಷ್ ಪುಸ್ತಕ ಓದುವವಳು. ತರಗತಿಯವರೆಲ್ಲರ ಎದುರಿಗೆ ಅವಳನ್ನು ಕರೆದು, "ನೀನು ಕನ್ನಡದವಳಲ್ಲವೇ? ಇದು ನಿನ್ನ ಭಾಷೆ. ಇದನ್ನು ಓದಲೇಬೇಕು" ಎಂದು ದೊಡ್ಡವರ ಒಂದು ಕಾದಂಬರಿ ಕೈಗಿತ್ತೆ. ಮುಂದಿನ ವಾರ ಪುಸ್ತಕ ನನ್ನ ಮೇಜಿನ ಮೇಲಿತ್ತು. ಹುಡುಗಿ ಬರಲಿಲ್ಲ. ಆ ವರ್ಷವಿಡೀ ಲೈಬ್ರರಿ ಪೀರಿಯಡ್ಡಿನಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಹೋಂವರ್ಕ್ ಬರೆಯುತ್ತಿದ್ದಳು.

ಶಾಲೆ ಬಿಡುವ ವರ್ಷ ಅವಳಾಗಿಯೇ ಹೇಳಿದಳು: "ಮೇಡಂ, ನನಗೆ ಕನ್ನಡ ಮಾತಾಡೋಕೆ ಬರುತ್ತೆ, ಓದೋಕೆ ಬರೋದಿಲ್ಲ. ಅದನ್ನು ಎಲ್ಲರ ಮುಂದೆ ಹೇಳೋಕೆ ನಾಚಿಕೆಯಾಯ್ತು."

ಪುಸ್ತಕದ ಓದುಗಳನ್ನು ಹುಡುಕಬೇಕಾದವಳು ನಾನು, ಭಾಷೆಗೆ ಹಕ್ಕುದಾರಳನ್ನು ಹುಡುಕಿದ್ದೆ. ಒಬ್ಬ ಒಳ್ಳೆಯ ಓದುಗಳನ್ನು ಒಂದು ವರ್ಷ ಕಳೆದುಕೊಂಡೆ. ಮಿತ್ರರೇ, ಈ ಲೇಖನವನ್ನು ಬರೆಯಲು ಮುಖ್ಯ ಕಾರಣ ಆ ಹುಡುಗಿಯ ಮಾತೇ. ನಿಮ್ಮಲ್ಲೂ ಹಲವರಿಗೆ ಆ ನಾಚಿಕೆ ಇದೆ ಎಂದು ನನಗೆ ಗೊತ್ತು. ಸಂಘದ ಕಾರ್ಯಕ್ರಮದಲ್ಲಿ ಆಹ್ವಾನಪತ್ರಿಕೆ ಕೈಗೆ ಬಂದಾಗ ಓದಿದಂತೆ ನಟಿಸಿ ಮಡಚಿಡುವುದನ್ನು ನೋಡಿದ್ದೇನೆ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ನಿಮಗೆ ಕಲಿಸುವ ಶಾಲೆ ಹತ್ತಿರದಲ್ಲಿರಲಿಲ್ಲ, ಕೂರಿಸಿಕೊಂಡು ಹೇಳಿಕೊಡಲು ಮನೆಯಲ್ಲಿ ಬಿಡುವಿರಲಿಲ್ಲ. ಅಷ್ಟೇ.

ಮುತ್ಯಾನ ಪುಸ್ತಕ

ಹಾಗಾದರೆ ದಾರಿ ಯಾವುದು? ದಾರಿಯನ್ನು ನನಗೆ ತೋರಿಸಿದವನು ಏಳನೆಯ ತರಗತಿಯ ಒಬ್ಬ ಹುಡುಗ. ಒಂದು ದಿನ ಊಟದ ಬಿಡುವಿನಲ್ಲಿ ಬಂದು, ರಟ್ಟು ಕಿತ್ತುಹೋದ ಒಂದು ದೊಡ್ಡ ಪುಸ್ತಕವನ್ನು ಚೀಲದಿಂದ ತೆಗೆದ.

"ಮೇಡಂ, ಇದು ನಮ್ಮ ಮುತ್ಯಾನ ಪುಸ್ತಕ. ಅಪ್ಪಗ ಓದ್ಲಿಕ್ಕ ಬರ್ತದ, ಆದ್ರ ಟೈಮ್ ಇಲ್ಲ ಅಂತಾನ. ಇದ್ರಾಗ ಏನ್ ಬರ್ದದ?"

"ನೀನೇ ಓದಪ್ಪಾ."

"ನಂಗ ಕನ್ನಡ ಅಕ್ಷರ ಬರಂಗಿಲ್ರೀ."

"ತೆಲುಗು ಬರ್ತದಲ್ಲ? ಹಂಗೇ ನೋಡು."

ಅವನು ಮುಖಪುಟವನ್ನು ದಿಟ್ಟಿಸಿ ನೋಡಿದ. ಬಾ... ಲ... ಎಂದ. ಸ್ವಲ್ಪ ತಡೆದು, "ಪ್ರಪಂಚ!" ಎಂದು ಕೂಗಿಯೇಬಿಟ್ಟ. ಅದು ಶಿವರಾಮ ಕಾರಂತರ "ಬಾಲ ಪ್ರಪಂಚ"ದ ಒಂದು ಸಂಪುಟ. 1936ರಲ್ಲಿ ಮೂರು ಸಂಪುಟಗಳಲ್ಲಿ ಹೊರಬಂದ ಆ ಕೃತಿಯಲ್ಲಿ ಕನ್ನಡದ ಮಕ್ಕಳಿಗೆ ಲೋಕದ ವಿಷಯವನ್ನೆಲ್ಲ ತಿಳಿಸಿಕೊಡಲು ಕಾರಂತರು ಒಬ್ಬರೇ ಹೊರಟಿದ್ದರು. ಬಾಲ, ಪ್ರಪಂಚ ಎರಡೂ ತೆಲುಗಿನಲ್ಲೂ ಇರುವ ಶಬ್ದಗಳೇ. ಅಕ್ಷರಗಳೂ ಹೆಚ್ಚುಕಡಿಮೆ ಅವೇ. ಹುಡುಗ ತನಗೆ ಬರುವುದಿಲ್ಲವೆಂದುಕೊಂಡಿದ್ದ ಲಿಪಿಯನ್ನು ಆಗಲೇ ಓದಿ ಮುಗಿಸಿದ್ದ!

ಇದು ಪವಾಡವಲ್ಲ. ಕನ್ನಡ ಮತ್ತು ತೆಲುಗು ಲಿಪಿಗಳು ಒಂದೇ ತಾಯಿಬೇರಿನವು. ನೂರಾರು ವರ್ಷ ಎರಡು ಭಾಷೆಗಳನ್ನೂ ಬಹುತೇಕ ಒಂದೇ ಲಿಪಿಯಲ್ಲಿ ಕಲ್ಲಿನ ಮೇಲೆ ಕೆತ್ತುತ್ತಿದ್ದರು. ಅವು ಬೇರೆಯಾಗುತ್ತ ಬಂದದ್ದು ನಿಧಾನವಾಗಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅಚ್ಚಿನ ಮೊಳೆಗಳು ಬಂದ ಮೇಲೆ ಆ ವ್ಯತ್ಯಾಸ ಗಟ್ಟಿಯಾಯಿತು. ಗ, ಜ, ಡ, ದ, ನ, ಬ, ರ, ಲ ಇವುಗಳನ್ನು ನೋಡಿ. ತಲೆಕಟ್ಟಿನ ಆಕಾರ ಬಿಟ್ಟರೆ ಹೊಸದೇನೂ ಇಲ್ಲ. ಹೊಸದಾಗಿ ಕಲಿಯಬೇಕಾದದ್ದು ಕ, ತ, ಶ ಇಂಥ ಕೆಲವು ಅಕ್ಷರಗಳನ್ನು, ಎ, ಏ, ಒ, ಓ ಸ್ವರಗಳ ಗುರುತುಗಳನ್ನು, ಅಕ್ಷರದ ಬಲಗಡೆ ಬರುವ ದೀರ್ಘದ ಚಿಹ್ನೆಯನ್ನು. ತೆಲಂಗಾಣದಲ್ಲಿ 2018ರ ಕಾಯ್ದೆಯಿಂದ ಒಂದರಿಂದ ಹತ್ತನೆಯ ತರಗತಿಯವರೆಗೆ ತೆಲುಗು ಕಲಿಕೆ ಕಡ್ಡಾಯವಾಗಿದೆ. "ಅಯ್ಯೋ, ಕನ್ನಡಕ್ಕೆ ಜಾಗವಿಲ್ಲ" ಎಂದು ನಮ್ಮಲ್ಲಿ ಕೆಲವರು ಕೊರಗುವುದುಂಟು. ನಾನು ಹೇಳುವುದು ಬೇರೆ. ತೆಲುಗು ಚೆನ್ನಾಗಿ ಕಲಿತ ನಮ್ಮ ಮಗು ಕನ್ನಡದ ಹೊಸ್ತಿಲವರೆಗೆ ಬಂದು ನಿಂತಿರುತ್ತದೆ. ಒಳಗೆ ಕರೆದುಕೊಳ್ಳಲು ಒಬ್ಬರು ಬೇಕು, ಅಷ್ಟೆ.

ಆ ಹುಡುಗನೊಡನೆ ದಿನಕ್ಕೆ ಕಾಲುಗಂಟೆಯಂತೆ ಕೂತೆ. ಎರಡು ವಾರ ಕಳೆಯುವಷ್ಟರಲ್ಲಿ ಅವನು ತಡವರಿಸುತ್ತಾ ಓದತೊಡಗಿದ. ಪುಸ್ತಕದ ಅಂಚುಗಳಲ್ಲಿ ಅಲ್ಲಲ್ಲಿ ಪೆನ್ಸಿಲಿನ ಬರಹವಿತ್ತು. ಅಚ್ಚಿನ ಅಕ್ಷರಕ್ಕಿಂತ ಕೈಬರಹ ಕಷ್ಟ. ಆದರೂ ಹಟ ಹಿಡಿದು ಬಿಡಿಸಿದ. ಅವನ ಮುತ್ಯಾ ಹುಡುಗನಾಗಿದ್ದಾಗ ತನಗೆ ತಿಳಿಯದ ಶಬ್ದಗಳ ಪಕ್ಕದಲ್ಲಿ ಪ್ರಶ್ನೆಯ ಗುರುತು ಹಾಕಿ, ಆಮೇಲೆ ಅರ್ಥ ಬರೆದುಕೊಂಡಿದ್ದರು. "ಮುತ್ಯಾಗೂ ಗೊತ್ತಿರ್ಲಿಲ್ಲ ಮೇಡಂ!" ಎಂದು ಹುಡುಗ ಹೇಳಿದಾಗ ಅವನ ಮುಖದಲ್ಲಿದ್ದ ನೆಮ್ಮದಿಯನ್ನು ನಾನು ಮರೆತಿಲ್ಲ. ಮುತ್ಯಾ ತೀರಿಹೋಗಿ ಆಗಲೇ ನಾಲ್ಕು ವರ್ಷವಾಗಿತ್ತು.

ಕನ್ನಡಿ, ಕಿಟಕಿ

ಅಮೆರಿಕದ ವಿದ್ವಾಂಸೆ ರೂಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಮಕ್ಕಳ ಪುಸ್ತಕಗಳ ಬಗ್ಗೆ ಒಂದು ಮಾತು ಹೇಳಿದರು. ಪುಸ್ತಕ ಮಗುವಿಗೆ ಕಿಟಕಿಯಾಗಬಹುದು, ಬೇರೆಯವರ ಬಾಳನ್ನು ತೋರಿಸಬಹುದು. ಕನ್ನಡಿಯೂ ಆಗಬಹುದು, ತನ್ನದೇ ಬಾಳನ್ನು ತೋರಿಸಬಹುದು. ತಮ್ಮ ದೇಶದ ಕಪ್ಪು ಜನರ ಮಕ್ಕಳಿಗೆ ಕನ್ನಡಿ ಸಿಗುತ್ತಿಲ್ಲವೆಂಬುದು ಅವರ ಕಳವಳ. ನಮಗೂ ಇದು ಸಲ್ಲುತ್ತದೆ. ಇಂಗ್ಲಿಷ್ ಪುಸ್ತಕಗಳು ನಿಮಗೆ ಬೇಕಾದಷ್ಟು ಕಿಟಕಿ ಕೊಟ್ಟಿವೆ. ಜೋಳದ ರೊಟ್ಟಿ ಬಡಿಯುವ ಸದ್ದು, ಸಂಕ್ರಾಂತಿಯ ಎಳ್ಳುಬೆಲ್ಲ, ಮಲೆನಾಡಿನ ಮಳೆ, ಊರಿನ ಜಾತ್ರೆ, ಇವೆಲ್ಲ ಅಚ್ಚಾಗಿರುವುದನ್ನು ಓದಿದ್ದೀರಾ? ಒಮ್ಮೆ ಓದಿ ನೋಡಿ. ನಿಮ್ಮ ಅಜ್ಜಿ ಮಾತಾಡಿದಂತೆ ಪುಸ್ತಕವೂ ಮಾತಾಡುವುದು ಕೇಳಿಸುತ್ತದೆ.

ಕಾಮಿಕ್ಸ್ ಇಷ್ಟಪಡುವವರಿಗೆ ಒಂದು ಸಂಗತಿ. ಅಮರ ಚಿತ್ರ ಕಥೆಯ ಇಂಗ್ಲಿಷ್ ಸರಣಿ ಕೃಷ್ಣನ ಕಥೆಯಿಂದ, ಹನ್ನೊಂದನೆಯ ಸಂಖ್ಯೆಯಿಂದ ಆರಂಭವಾಗುತ್ತದೆ. ಮೊದಲ ಹತ್ತು ಎಲ್ಲಿ ಹೋದವು? ಅವು 1965ರಲ್ಲಿ ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರ ಉತ್ಸಾಹದಿಂದ ಕನ್ನಡದಲ್ಲಿ ಹೊರಬಂದಿದ್ದವು!

ಏಳನೆಯ ತರಗತಿಯ ಹುಡುಗಿ ತೆರೆದ ಗ್ರಂಥಾಲಯ

"ಇದೆಲ್ಲ ದೊಡ್ಡ ಸಂಸ್ಥೆಗಳ ಕೆಲಸ, ನಮ್ಮಿಂದ ಏನಾಗುತ್ತದೆ?" ಎನ್ನುವವರಿಗೆ ಈ ಊರಿನದೇ ಒಂದು ಉದಾಹರಣೆ. ಕೋವಿಡ್ ಕಾಲದಲ್ಲಿ ಹೈದರಾಬಾದಿನ ಆಕರ್ಷಣಾ ಸತೀಶ್ ಎಂಬ ಬಾಲಕಿ ತಂದೆತಾಯಿಯರೊಡನೆ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆಗೆ ಹೋಗಿದ್ದಳು. ಅಲ್ಲಿಯ ಮಕ್ಕಳು ಬಣ್ಣ ತುಂಬುವ ಪುಸ್ತಕ ಬೇಕೆಂದು ಕೇಳಿದರು. ಅವಳು ನೆರೆಹೊರೆಯವರಿಂದ, ನೆಂಟರಿಂದ, ಗೆಳತಿಯರಿಂದ ಪುಸ್ತಕ ಕೂಡಿಸತೊಡಗಿದಳು. ಮೊದಲ ಗ್ರಂಥಾಲಯ ಅದೇ ಆಸ್ಪತ್ರೆಯಲ್ಲಿ ತೆರೆಯಿತು. 2023ರ ಸೆಪ್ಟೆಂಬರಿನಲ್ಲಿ ಪ್ರಧಾನಮಂತ್ರಿಯವರು ತಮ್ಮ "ಮನ್ ಕಿ ಬಾತ್" ಭಾಷಣದಲ್ಲಿ ಅವಳನ್ನು ಹೆಸರಿಸಿದಾಗ ಅವಳು ಏಳನೆಯ ತರಗತಿಯಲ್ಲಿದ್ದಳು, ವಯಸ್ಸು ಹನ್ನೊಂದು. ಅಷ್ಟರಲ್ಲಿ ಗ್ರಂಥಾಲಯಗಳು ಏಳಾಗಿದ್ದವು, ಪುಸ್ತಕಗಳು ಸುಮಾರು 6,000.

ಗಮನಿಸಿ, ಆ ಹುಡುಗಿ ಮೊದಲು ಮಾಡಿದ್ದು ಪುಸ್ತಕ ಕೊಡುವುದನ್ನಲ್ಲ. ಮಕ್ಕಳು ಏನು ಕೇಳಿದರೆಂಬುದನ್ನು ಕಿವಿಗೊಟ್ಟು ಕೇಳಿದಳು. ನಾನು ಆರನೆಯ ತರಗತಿಯ ಆ ಹುಡುಗಿಯನ್ನು ಕೇಳದೇ ಹೋದದ್ದು ಅದನ್ನೇ.

ನೀವು ಮಾಡಬಹುದಾದದ್ದು

ಇನ್ನು ನಿಮ್ಮ ಸರದಿ. ಈ ಊರಿನ ಹೆಚ್ಚಿನ ಶಾಲೆಗಳ ಕಪಾಟಿನಲ್ಲಿ ಕನ್ನಡ ಪುಸ್ತಕ ಇಲ್ಲ. ಕನ್ನಡ ಬಲ್ಲ ಗ್ರಂಥಪಾಲಕರೂ ಅಪರೂಪ. ಆದ್ದರಿಂದ ನಿಮ್ಮ ತಮ್ಮನಿಗೋ ತಂಗಿಗೋ ಪಕ್ಕದ ಮನೆಯ ಮಗುವಿಗೋ ನೀವೇ ಗ್ರಂಥಪಾಲಕರಾಗಬೇಕು. ಮೊದಲು ನಿಮಗೆ ನೀವೇ ಆಗಬೇಕು.

ಲಿಪಿ ಬಾರದಿದ್ದರೆ ತೆಲುಗಿನ ಆಸರೆ ಹಿಡಿಯಿರಿ. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ "ಸ್ಟೋರಿವೀವರ್" ಜಾಲತಾಣದಲ್ಲಿ ಎಷ್ಟೋ ಮಕ್ಕಳ ಕಥೆಗಳು ಕನ್ನಡದಲ್ಲೂ ತೆಲುಗಿನಲ್ಲೂ ಇಂಗ್ಲಿಷಿನಲ್ಲೂ ಕಾಸಿಲ್ಲದೆ ಸಿಗುತ್ತವೆ. ಒಂದೇ ಕಥೆಯನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿ. "ಚಿಕ್ಕ ಮಕ್ಕಳ ಪುಸ್ತಕ" ಎಂದು ಸಂಕೋಚ ಬೇಡ. ಅಲ್ಲಿಂದ ಪಂಜೆಯವರ ಕಥೆಗಳಿಗೆ ಬನ್ನಿ. ಗಾಂಧೀಜಿಯ ಬಾಲ್ಯದಲ್ಲಿ ಆಸಕ್ತಿಯಿದ್ದರೆ ಬೊಳುವಾರು ಮಹಮದ್ ಕುಂಞಿಯವರ "ಪಾಪು ಗಾಂಧಿ ಬಾಪು ಗಾಂಧಿಯಾದ ಕಥೆ" ಇದೆ. 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದ ಪುಸ್ತಕವದು. ಕಾಡು, ಹಕ್ಕಿ, ಕೀಟಗಳ ಹುಚ್ಚಿದ್ದರೆ ಪೂರ್ಣಚಂದ್ರ ತೇಜಸ್ವಿಯವರ "ಪರಿಸರದ ಕಥೆ" ಹಿಡಿಯಿರಿ. ನಗುತ್ತಾ ನಗುತ್ತಾ ಮುಗಿಸುತ್ತೀರಿ. ಅದು ಹಿಡಿಸಿದರೆ "ಕರ್ವಾಲೊ" ಕಾಯುತ್ತಿದೆ.

ಭಾನುವಾರ ಅಬಿಡ್ಸ್ ಫುಟ್‌ಪಾತಿನ ಹಳೆಯ ಪುಸ್ತಕಗಳ ರಾಶಿಯಲ್ಲಿ ಒಮ್ಮೆ ಕೈಯಾಡಿಸಿ, ಕನ್ನಡದ್ದೂ ಸಿಕ್ಕೀತು. ರಜೆಯಲ್ಲಿ ಕರ್ನಾಟಕದ ಊರಿಗೆ ಹೋದಾಗ ಗ್ರಾಮ ಪಂಚಾಯಿತಿಯ ಗ್ರಂಥಾಲಯವನ್ನು ಹೊಕ್ಕು ಬನ್ನಿ. 2020ರಲ್ಲಿ "ಓದುವ ಬೆಳಕು" ಎಂಬ ಕಾರ್ಯಕ್ರಮದಲ್ಲಿ ಅಲ್ಲಿಯ ಹಳ್ಳಿಯ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡತೊಡಗಿದರು. ನಿಮ್ಮ ಅಜ್ಜನ ಊರಿನ ಮಕ್ಕಳು ಏನು ಓದುತ್ತಿದ್ದಾರೆಂದು ನೋಡಿ, ಅವರನ್ನೇ ಕೇಳಿ. ಇನ್ನೊಂದು ಮಾತು: ನಿಮ್ಮ ಶಾಲೆಯ ಅಥವಾ ತಂಗಿಯ ಶಾಲೆಯ ಗ್ರಂಥಪಾಲಕರನ್ನು ಕಂಡು "ಒಂದು ಸಾಲು ಕನ್ನಡ ಪುಸ್ತಕಕ್ಕೆ ಜಾಗ ಕೊಡುತ್ತೀರಾ?" ಎಂದು ವಿನಯದಿಂದ ಕೇಳಿ. ಕೊಡದವರು ಕಡಿಮೆ. ಪುಸ್ತಕಗಳನ್ನು ಮಾತ್ರ ನೀವೇ ಆರಿಸಿ ಕೊಡಿ. ಮನೆಯಲ್ಲಿ ಬೇಡವಾದದ್ದನ್ನೆಲ್ಲ ತುಂಬಿ ಕಳಿಸಬೇಡಿ. ನನಗೆ ಬಂದ ಪೆಟ್ಟಿಗೆಯ ಕಥೆ ಕೇಳಿದಿರಲ್ಲ!

ಮಗುವಿಗೆ ಪುಸ್ತಕ ಕೊಡುವಾಗ "ಇದು ನಿನ್ನ ಭಾಷೆ, ಓದಲೇಬೇಕು" ಎನ್ನಬೇಡಿ. "ಈ ಕಥೆಯಲ್ಲಿ ಒಂದು ನಾಯಿ ಇದೆ, ಅದು ಏನು ಮಾಡಿತು ಗೊತ್ತಾ?" ಎನ್ನಿ. ಮೊದಲ ಎರಡು ಪುಟ ನೀವೇ ಓದಿ ಹೇಳಿ. ತಡವರಿಸಿದರೆ ನಗಬೇಡಿ. ನೀವೇ ತಡವರಿಸಿದರೆ ಮಗುವಿನೊಡನೆ ನೀವೂ ನಕ್ಕುಬಿಡಿ, ಮಗುವಿಗೆ ಧೈರ್ಯ ಬರುತ್ತದೆ. ದೊಡ್ಡವರಿಗೂ ಗೊತ್ತಿಲ್ಲದ್ದು ಇರುತ್ತದೆ ಎಂದು ಮುತ್ಯಾನ ಪೆನ್ಸಿಲ್ ಗುರುತಿನಿಂದ ಆ ಹುಡುಗ ಕಲಿತ ಹಾಗೆ.

ನಿಮ್ಮ ಮನೆಯ ಅಟ್ಟದ ಮೇಲೋ ಟ್ರಂಕಿನಲ್ಲೋ ಅಜ್ಜ ಅಜ್ಜಿಯರ ಒಂದಾದರೂ ಕನ್ನಡ ಪುಸ್ತಕ ಇದ್ದೇ ಇರುತ್ತದೆ. ಈ ಭಾನುವಾರ ಅದನ್ನು ಕೆಳಗಿಳಿಸಿ, ಧೂಳು ಕೊಡವಿ, ಒಳಪುಟದಲ್ಲಿ ಬರೆದಿರುವ ಹೆಸರನ್ನು ಓದಲು ಪ್ರಯತ್ನಿಸಿ. ಓದಲಾಗದಿದ್ದರೆ ಸಂಘದ ಮುಂದಿನ ಕಾರ್ಯಕ್ರಮಕ್ಕೆ ತೆಗೆದುಕೊಂಡು ಬನ್ನಿ. ನಾನು ಮುಂದಿನ ಸಾಲಿನಲ್ಲಿ ಎಡಗಡೆ ಕುಳಿತಿರುತ್ತೇನೆ. ಇಬ್ಬರೂ ಕೂಡಿ ಓದೋಣ.